ಚೋಮನ ದುಡಿ ಅವನ ನೋವಿನ ಸಂಕೇತವಲ್ಲ

ಕನ್ನಡ ಎಂ.ಎ. ತರಗತಿಗಳಲ್ಲಿ, ನೆಟ್ ಪರೀಕ್ಷೆಯ ಗೈಡುಗಳಲ್ಲಿ, ವಿಚಾರ ಸಂಕಿರಣದ ಪ್ರಬಂಧಗಳಲ್ಲಿ ಒಂದು ವಾಕ್ಯ ಸವಕಲು ನಾಣ್ಯದ ಹಾಗೆ ಕೈಯಿಂದ ಕೈಗೆ ಓಡಾಡುತ್ತಿದೆ: ‘ಈ ಕೃತಿಯಲ್ಲಿ ಸಂಗೀತವು ಮಾನವ ಭಾವನೆಗಳ ಸಂಕೇತವಾಗಿ ಬಂದಿದೆ.’ ಕೃತಿ ಯಾವುದಾದರೂ ಆದೀತು, ವಾದ್ಯ ಯಾವುದಾದರೂ ಆದೀತು. ವೀಣೆಯಿದ್ದರೆ ಪ್ರೇಮ, ಕೊಳಲಿದ್ದರೆ ವಿರಹ, ತಂಬೂರಿಯಿದ್ದರೆ ವೈರಾಗ್ಯ, ಚರ್ಮವಾದ್ಯವಿದ್ದರೆ ಆಕ್ರೋಶ. ಒಂದು ಪಟ್ಟಿಯನ್ನು ಬಾಯಿಪಾಠ ಮಾಡಿಕೊಂಡರೆ ಸಾಕು, ಕಾದಂಬರಿಯನ್ನು ಓದದೆಯೂ ಹತ್ತು ಅಂಕದ ಪ್ರಶ್ನೆಗೆ ಉತ್ತರ ಬರೆಯಬಹುದು.

ಕನ್ನಡ ಕಥನಸಾಹಿತ್ಯದಲ್ಲಿ ಸಂಗೀತ ಎನ್ನುವುದು ನನ್ನ ಸಂಶೋಧನೆಯ ವಿಷಯ. ಹಾಗಾಗಿ ಈ ವಾಕ್ಯವನ್ನು ನಾನು ಬಹುಶಃ ಬೇರೆಯವರಿಗಿಂತ ಹೆಚ್ಚು ಸಲ ಓದಿದ್ದೇನೆ. ಇದು ಸೋಮಾರಿತನದ ಓದು ಎಂದಷ್ಟೇ ಹೇಳಿ ಸುಮ್ಮನಾಗಬಹುದಿತ್ತು. ಆದರೆ ನನ್ನ ತಕರಾರು ಅದಕ್ಕಿಂತ ದೊಡ್ಡದು. ಈ ವಾಕ್ಯ ಕಾದಂಬರಿಯೊಳಗಿನ ಜಗಳವನ್ನು ಮುಚ್ಚಿಹಾಕುತ್ತದೆ. ಯಾರು ಹಾಡಬಹುದು, ಯಾರ ಮುಂದೆ ಹಾಡಬಹುದು, ಯಾರು ಕೇಳಿಸಿಕೊಳ್ಳುತ್ತಾರೆ, ಯಾರು ಬೆಲೆ ತೆರುತ್ತಾರೆ ಎನ್ನುವ ಪ್ರಶ್ನೆಗಳು ಏಳುವ ಜಾಗದಲ್ಲಿಯೇ ‘ಭಾವನೆ’ ಎಂಬ ಮೆತ್ತನೆಯ ಹೊದಿಕೆಯನ್ನು ಹೊದಿಸಿ ಪಾಠವನ್ನು ಮುಗಿಸುತ್ತದೆ.

ನಮ್ಮೆಲ್ಲರಿಗೂ ಗೊತ್ತಿರುವ ಪುಸ್ತಕದಿಂದಲೇ ಶುರುಮಾಡೋಣ. ಶಿವರಾಮ ಕಾರಂತರ ‘ಚೋಮನ ದುಡಿ’ ಪ್ರಕಟವಾದದ್ದು 1933ರಲ್ಲಿ. ‘ದುಡಿ ಚೋಮನ ನೋವಿನ ಸಂಕೇತ’ ಎನ್ನುವುದನ್ನು ಪಿಯುಸಿಯಿಂದ ಪಿಎಚ್.ಡಿ.ವರೆಗೆ ಯಾರೂ ಪ್ರಶ್ನಿಸುವುದಿಲ್ಲ. ಆದರೆ ಚೋಮನಿಗೆ ಬೇಕಾಗಿದ್ದದ್ದು ಏನು? ದುಡಿಯಲ್ಲ, ಬೇಸಾಯ. ಗೇಣಿಗೆ ಒಂದು ತುಂಡು ಗದ್ದೆ ಸಿಕ್ಕಿದ್ದರೆ ಅವನ ಆಸೆ ತೀರುತ್ತಿತ್ತು. ಅವನ ಹಟ್ಟಿಯಲ್ಲಿ ಎರಡು ಎತ್ತುಗಳಿವೆ. ಎತ್ತುಗಳನ್ನು ಸಾಕುವುದಕ್ಕೆ ಊರಿನ ಅಡ್ಡಿಯಿಲ್ಲ, ಅವುಗಳಿಗೆ ನೊಗ ಹೂಡಿ ತನ್ನದೆನ್ನುವ ಗದ್ದೆ ಉಳುವುದಕ್ಕೆ ಅಡ್ಡಿಯಿದೆ. ಅಸ್ಪೃಶ್ಯನಾದವನು ಒಡೆಯನ ಹೊಲದಲ್ಲಿ ಜೀವಮಾನವಿಡೀ ದುಡಿಯಬಹುದು, ಬೇಸಾಯಗಾರನಾಗುವಂತಿಲ್ಲ. ಕಾಫಿ ತೋಟದ ಸಾಲ ಮಕ್ಕಳನ್ನು ಒಬ್ಬೊಬ್ಬರಾಗಿ ಎಳೆದುಕೊಂಡು ಹೋಗುತ್ತದೆ. ಆ ಸಾಲ ತೀರುವುದು ಮಗಳು ಬೆಳ್ಳಿಯ ಮೈಯ ಬೆಲೆಯಲ್ಲಿ. ನೀರಿಗೆ ಬಿದ್ದ ಮಗನನ್ನು ಮುಟ್ಟಿ ಎತ್ತುವುದಕ್ಕೆ ಮೈಲಿಗೆ ಅಡ್ಡ ಬರುತ್ತದೆ.

ಈ ಬದುಕಿನಲ್ಲಿ ಯಾರ ಅಪ್ಪಣೆಯನ್ನೂ ಕೇಳದೆ ಚೋಮ ಕೈಗೆತ್ತಿಕೊಳ್ಳಬಹುದಾದ ವಸ್ತು ಒಂದೇ ಒಂದು, ದುಡಿ. ನೆಲವಿಲ್ಲ, ಬಾವಿಯಿಲ್ಲ, ದೇವಸ್ಥಾನದ ಬಾಗಿಲಿಲ್ಲ. ದುಡಿಯುಂಟು. ಅವನಿಗೆ ಬಿಟ್ಟುಕೊಟ್ಟ ಜಗತ್ತಿನ ಅಳತೆ ಎಷ್ಟೆಂದು ತೋರಿಸುವ ಗಜಕಡ್ಡಿ ಅದು. ಸಿಟ್ಟು ಬಂದಾಗ, ಕುಡಿದಾಗ, ಖುಷಿಯಾದಾಗ, ಸಾವಾದಾಗ ಅವನು ಅದನ್ನೇ ಬಾರಿಸುತ್ತಾನೆ. ಬಾರಿಸಲು ಅವನಿಗೆ ಬೇರೆ ಏನೂ ಇಲ್ಲ. ಕೊನೆಗೆ ಒಡೆಯನ ಮಾತನ್ನೂ ಊರ ಕಟ್ಟನ್ನೂ ಲೆಕ್ಕಿಸದೆ ಎತ್ತು ಹೂಡಿ ಉತ್ತು, ಎತ್ತುಗಳನ್ನು ಕಾಡಿಗಟ್ಟಿ, ಬಾಗಿಲು ಹಾಕಿಕೊಂಡು ದುಡಿ ಬಾರಿಸುತ್ತ ಸಾಯುತ್ತಾನೆ. ಆ ಸಾವಿನ ಮುಂದೆ ನಿಂತು ‘ಆಹಾ, ಸಂಗೀತವು ಭಾವನೆಯನ್ನು ಎಷ್ಟು ಚೆನ್ನಾಗಿ ಸಂಕೇತಿಸಿದೆ’ ಎನ್ನುವ ಓದುಗ ಆ ಊರಿನವನೇ. ದಡದಲ್ಲಿ ನಿಂತು ನೋಡಿದವರ ಸಾಲಿನಲ್ಲಿ ಅವನಿಗೂ ಒಂದು ಜಾಗವಿದೆ.

ದುಡಿ ಎಂಬ ವಾದ್ಯದ ಸ್ವಭಾವವೇ ನೋವು ಎನ್ನುವವರು ಘಟ್ಟ ಹತ್ತಿ ಕೊಡಗಿಗೆ ಹೋಗಿ ಬರಬೇಕು. ಅಲ್ಲಿ ದುಡಿ ಹಿಡಿದು ಹಾಡುವವರು ಮದುವೆಯ ಹಾಡು ಹಾಡುತ್ತಾರೆ, ಹಬ್ಬದ ಹಾಡು ಹಾಡುತ್ತಾರೆ, ಮನೆತನಗಳ ಚರಿತ್ರೆ ಹಾಡುತ್ತಾರೆ. ನಡಿಕೇರಿಯಂಡ ಚಿಣ್ಣಪ್ಪ 1924ರಲ್ಲಿ ಪ್ರಕಟಿಸಿದ ‘ಪಟ್ಟೋಲೆ ಪಳಮೆ’ಯ ತುಂಬ ಇಂಥ ಹಾಡುಗಳಿವೆ. ಭೂಮಿಯಿರುವವರ ಕೈಯಲ್ಲಿ ದುಡಿ ಚರಿತ್ರೆಯನ್ನು ಹೇಳುತ್ತದೆ. ಭೂಮಿಯಿಲ್ಲದವನ ಕೈಗೆ ಬಂದಾಗ ಮಾತ್ರ ನಮ್ಮ ವಿಮರ್ಶೆಗೆ ಅದರಲ್ಲಿ ಬರೀ ಅಳು ಕೇಳಿಸುತ್ತದೆ. ವ್ಯತ್ಯಾಸ ಇರುವುದು ವಾದ್ಯದಲ್ಲೋ, ನಮ್ಮ ಕಿವಿಯಲ್ಲೋ?

ಇದರ ಪಕ್ಕದಲ್ಲಿ ಇನ್ನೊಂದು ಕಾದಂಬರಿಯನ್ನು ಇಡುತ್ತೇನೆ. ತ.ರಾ.ಸು. ಅವರ ‘ಹಂಸಗೀತೆ’. ಚಿತ್ರದುರ್ಗದ ಸಂಗೀತಗಾರ ಭೈರವಿ ವೆಂಕಟಸುಬ್ಬಯ್ಯನ ಕಥೆ ಅದು. ರಾಗದ ಹೆಸರೇ ಅವನ ಹೆಸರಿಗೆ ಅಂಟಿಕೊಂಡಿದೆ. ಅರಸನ ಅಪ್ಪಣೆಗೆ ಹಾಡುವುದಕ್ಕಿಂತ ನಾಲಿಗೆಯನ್ನು ಕತ್ತರಿಸಿಕೊಳ್ಳುವುದೇ ಮೇಲೆಂದು ಬಗೆಯುವ ಕಲಾವಿದ. ಕಾಕತಾಳೀಯವೆಂದರೆ ಈ ಎರಡು ಕಾದಂಬರಿಗಳ ಸಿನಿಮಾಗಳೂ 1975ರವು. ಬಿ.ವಿ. ಕಾರಂತರ ‘ಚೋಮನ ದುಡಿ’ಗೆ ಸ್ವರ್ಣಕಮಲ ಬಂತು. ಜಿ.ವಿ. ಅಯ್ಯರ್ ಅವರ ‘ಹಂಸಗೀತೆ’ಯಲ್ಲಿ ಹಾಡಿದ್ದಕ್ಕೆ ಎಂ. ಬಾಲಮುರಳಿಕೃಷ್ಣ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು.

ಈ ಎರಡನ್ನು ಕುರಿತು ನಾವು ಬಳಸುವ ಶಬ್ದಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ವೆಂಕಟಸುಬ್ಬಯ್ಯನ ವಿಷಯ ಬಂದಾಗ ಸಾಧನೆ, ಶಾಸ್ತ್ರ, ನಾದೋಪಾಸನೆ, ಕಲಾವಿದನ ಸ್ವಾಭಿಮಾನ, ಪ್ರಭುತ್ವ ಮತ್ತು ಕಲೆ ಎಂಬ ಮಾತುಗಳು ಬರುತ್ತವೆ. ಚೋಮನ ವಿಷಯ ಬಂದಾಗ ನೋವು, ಆಕ್ರಂದನ, ಮೂಕವೇದನೆ. ಒಬ್ಬನ ಸಂಗೀತಕ್ಕೆ ತಿಳಿವಳಿಕೆ, ಇನ್ನೊಬ್ಬನ ಸಂಗೀತಕ್ಕೆ ಕಣ್ಣೀರು. ಒಬ್ಬ ತನ್ನ ಕಲೆಯ ಬಗ್ಗೆ ತೀರ್ಮಾನ ತೆಗೆದುಕೊಳ್ಳುತ್ತಾನೆ, ಇನ್ನೊಬ್ಬ ಒತ್ತರಿಸಿ ಬಂದದ್ದನ್ನು ಹೊರಹಾಕುತ್ತಾನೆ. ಚೋಮ ಬಾರಿಸುವ ಗತ್ತು ಯಾವುದು, ಅದನ್ನು ಅವನು ಯಾರಿಂದ ಕಲಿತ, ಅವನ ಕೈ ಪಳಗಿದ್ದು ಹೇಗೆ ಎಂದು ಕೇಳಿದ ಒಂದು ವಿಮರ್ಶೆಯೂ ನನ್ನ ಓದಿನಲ್ಲಿ ಸಿಕ್ಕಿಲ್ಲ. ಅವನು ಕಲಿಯಲೇ ಇಲ್ಲ, ನೋವು ತಾನಾಗಿಯೇ ದುಡಿಯೊಳಕ್ಕೆ ಹರಿಯಿತು ಎಂದು ನಾವು ಮೊದಲೇ ತೀರ್ಮಾನಿಸಿಬಿಟ್ಟಿದ್ದೇವೆ. ಯಕ್ಷಗಾನದ ಚೆಂಡೆ ಮದ್ದಳೆಗಳ ಜೊತೆ ದಶಕಗಟ್ಟಲೆ ಒಡನಾಡಿದ ಕಾರಂತರಿಗೆ ಚರ್ಮವಾದ್ಯ ನುಡಿಸುವುದು ಎಂಥ ಕೆಲಸ ಎಂಬುದು ತಿಳಿದಿತ್ತು. ತಿಳಿಯದೆ ಇರುವುದು ನಮಗೆ.

ಈ ಹಂಚಿಕೆ ಸಾಹಿತ್ಯ ವಿಮರ್ಶೆಯೊಳಗಿನ ಜಾತಿಪದ್ಧತಿ. ಮೇಲಿನವರಿಗೆ ಶಾಸ್ತ್ರ, ಕೆಳಗಿನವರಿಗೆ ಭಾವನೆ. ಒಂದು ವಿಚಾರ ಸಂಕಿರಣದಲ್ಲಿ ಇದನ್ನು ಕೇಳಿದಾಗ ವೇದಿಕೆಯ ಮೇಲಿದ್ದ ಹಿರಿಯರೊಬ್ಬರು ‘ಸಂಗೀತಕ್ಕೆ ಜಾತಿಯಿಲ್ಲಮ್ಮ’ ಎಂದು ನಕ್ಕು ಮುಂದಿನ ಪ್ರಬಂಧಕ್ಕೆ ಹೋದರು. ಸಂಗೀತಕ್ಕೆ ಇಲ್ಲದಿರಬಹುದು. ಮೃದಂಗಕ್ಕೆ ಹಸುವಿನ, ಆಡಿನ, ಎಮ್ಮೆಯ ಚರ್ಮ ಹದ ಮಾಡಿ ಮುಚ್ಚಿಗೆ ಕಟ್ಟುವವರಿಗೆ ಇದೆ. ಟಿ.ಎಂ. ಕೃಷ್ಣ 2020ರಲ್ಲಿ ‘ಸೆಬಾಸ್ಟಿಯನ್ ಅಂಡ್ ಸನ್ಸ್’ ಎಂಬ ಪುಸ್ತಕ ಬರೆದು ಮೃದಂಗ ತಯಾರಿಸುವ ದಲಿತ ಕ್ರೈಸ್ತ ಕುಟುಂಬಗಳ ಕಥೆ ಹೇಳಿದರು. ಅದರ ಬಿಡುಗಡೆಗೆ ಚೆನ್ನೈನ ಕಲಾಕ್ಷೇತ್ರ ಮೊದಲು ಕೊಟ್ಟಿದ್ದ ಜಾಗವನ್ನು ಆಮೇಲೆ ನಿರಾಕರಿಸಿತು. ವೇದಿಕೆಯ ಮೇಲೆ ನಾದಬ್ರಹ್ಮ, ವೇದಿಕೆಯ ಹಿಂದೆ ಚರ್ಮದ ವಾಸನೆ. ಎರಡನ್ನೂ ಒಟ್ಟಿಗೆ ನೆನೆಯುವುದು ನಮಗೆ ಕಷ್ಟವಾಗುತ್ತದೆ.

ಇನ್ನು, ‘ಭೈರವಿ ಎಂದರೆ ಕರುಣ, ಮುಖಾರಿ ಎಂದರೆ ಶೋಕ’ ಎಂಬ ನಿಘಂಟು. ಸಂಗೀತದ ಕಡೆಯಿಂದ ನೋಡಿದರೂ ಈ ನಿಘಂಟು ನಿಲ್ಲುವುದಿಲ್ಲ. ಹಿಂದೂಸ್ತಾನಿ ಭೈರವಿಯೂ ಕರ್ನಾಟಕ ಭೈರವಿಯೂ ಹೆಸರಿನಲ್ಲಿ ಒಂದೇ, ಸ್ವರಗಳಲ್ಲಿ ಬೇರೆ. ಹಿಂದೂಸ್ತಾನಿ ಭೈರವಿಯ ರಿಷಭ, ಗಾಂಧಾರ, ಧೈವತ, ನಿಷಾದ ನಾಲ್ಕೂ ಕೋಮಲ. ಆ ಸ್ವರಗಳನ್ನು ಕರ್ನಾಟಕ ಪದ್ಧತಿಯಲ್ಲಿ ಹುಡುಕಿದರೆ ಸಿಗುವುದು ತೋಡಿ. ಕರ್ನಾಟಕ ಭೈರವಿಯಲ್ಲಿ ಎರಡು ಬಗೆಯ ಧೈವತಗಳಿವೆ, ಹತ್ತುವಾಗ ಒಂದು, ಇಳಿಯುವಾಗ ಇನ್ನೊಂದು. ಹೀಗಿರುವಾಗ ಯಾವ ಭೈರವಿಯ ಯಾವ ಸ್ವರದಲ್ಲಿ ಕರುಣ ಕೂತಿದೆ? ಮುಖಾರಿಗೆ ಅಳುವ ರಾಗವೆಂದು ಹೆಸರು. ಶಬರಿಯ ಭಾಗ್ಯವನ್ನು ಎಷ್ಟೆಂದು ವರ್ಣಿಸಲಿ ಎಂದು ತ್ಯಾಗರಾಜರು ಬೆರಗಿನಿಂದ ಕೇಳುವುದು ಅದೇ ಮುಖಾರಿಯಲ್ಲಿ. ರಾಗಕ್ಕೂ ಭಾವಕ್ಕೂ ಸಂಬಂಧವೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಆ ಸಂಬಂಧವನ್ನು ಹಾಡುವವರು, ಕೇಳುವವರು, ಕಾಲ, ಊರು, ಸಾಹಿತ್ಯ ಎಲ್ಲ ಸೇರಿ ಕಟ್ಟುತ್ತಾರೆ. ಕಾದಂಬರಿಕಾರ ‘ಅವಳು ಭೈರವಿ ಹಾಡಿದಳು’ ಎಂದು ಬರೆದಾಗ ಆ ಕಟ್ಟುವಿಕೆಯನ್ನು ಅವನು ಕಾದಂಬರಿಯೊಳಗೆ ಮಾಡಿ ತೋರಿಸಬೇಕು. ಹಾಗೆ ಮಾಡದೆ ರಾಗದ ಹೆಸರನ್ನಷ್ಟೇ ಉದುರಿಸಿದರೆ ಅದು ಬರವಣಿಗೆಯ ದೌರ್ಬಲ್ಯ. ಆ ದೌರ್ಬಲ್ಯಕ್ಕೆ ‘ಸಾಂಕೇತಿಕತೆ’ ಎಂಬ ಬಿರುದು ಕೊಡುತ್ತಿರುವವರು ನಾವು.

ಹೆಂಗಸರ ವಿಷಯಕ್ಕೆ ಬಂದರೆ ಈ ಓದು ಇನ್ನೂ ಅಪಾಯಕಾರಿ. ಗಂಡಸು ಹಾಡಿದರೆ ಸಾಧನೆ, ಹೆಂಗಸು ಹಾಡಿದರೆ ಹಂಬಲ. ಹಿಂದೂ ಗಂಡಸು ಚೆನ್ನಾಗಿ ಹಾಡಿದರೆ ಪಂಡಿತನಾಗುತ್ತಾನೆ, ಮುಸ್ಲಿಂ ಗಂಡಸು ಉಸ್ತಾದನಾಗುತ್ತಾನೆ, ಹೆಂಗಸು ಮಾತ್ರ ಬಾಯಿಯಾಗಿಯೇ ಉಳಿಯುತ್ತಾಳೆ ಎಂದು ಗಂಗೂಬಾಯಿ ಹಾನಗಲ್ ಹೇಳುತ್ತಿದ್ದರು. ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಓಡಾಡಿ ಸವಾಯಿ ಗಂಧರ್ವರಲ್ಲಿ ಕಲಿತವರು ಅವರು. ಆ ಓಡಾಟದಲ್ಲಿ ಜನರ ಕುಹಕವಿತ್ತು, ಜಾತಿಯ ಹಂಗಿತ್ತು, ಮನೆಯ ಕಷ್ಟವಿತ್ತು, ಒಂದೇ ಪಲುಕನ್ನು ಗಂಟೆಗಟ್ಟಲೆ ತಿದ್ದುವ ದುಡಿಮೆಯಿತ್ತು. ಅಂಥ ದುಡಿಮೆ ನಮ್ಮ ಕಾದಂಬರಿಗಳ ನಾಯಕಿಯರಿಗೆ ಎಷ್ಟು ಸಿಕ್ಕಿದೆ? ಬೆಳದಿಂಗಳ ಮಹಡಿಯ ಮೇಲೆ ವೀಣೆ ಹಿಡಿದು ಕೂತ ತಕ್ಷಣ ಅವಳ ಮನಸ್ಸಿನಲ್ಲಿ ಒಬ್ಬ ಗಂಡಸಿದ್ದಾನೆ ಎಂದು ನಮಗೆ ಗೊತ್ತಾಗಿಬಿಡುತ್ತದೆ. ಬೆರಳಿನ ತುದಿ ಗಡುಸಾಗಿರುವುದು ಯಾರ ಕಣ್ಣಿಗೂ ಬೀಳುವುದಿಲ್ಲ.

ಎಸ್.ಎಲ್. ಭೈರಪ್ಪನವರ ‘ಮಂದ್ರ’ದ ಸುತ್ತ ನಡೆದ ಚರ್ಚೆಯೂ ಇದೇ ಹಳ್ಳಕ್ಕೆ ಬಿದ್ದಿದೆ. ಸರಸ್ವತಿ ಸಮ್ಮಾನ್ ಪಡೆದ ಆ ಕಾದಂಬರಿಯ ಮೋಹನಲಾಲ್ ಮಹಾ ಗಾಯಕ. ಕಲಿಸುವುದಕ್ಕೆ ಶಿಷ್ಯೆಯ ದೇಹವನ್ನೇ ದಕ್ಷಿಣೆಯಾಗಿ ಬಯಸುವವನು. ‘ಇಷ್ಟು ಕೆಟ್ಟವನ ಕಂಠದಿಂದ ಇಷ್ಟು ಶುದ್ಧವಾದ ಸಂಗೀತ ಹೇಗೆ ಬಂತು?’ ಎಂಬ ಬೆರಗಿನ ಸುತ್ತಲೇ ಓದುಗರು ಗಿರಕಿ ಹೊಡೆಯುತ್ತಾರೆ. ಸಂಗೀತ ಒಳಗಿನ ಭಾವದ ಕನ್ನಡಿ ಎಂದು ನಂಬಿದವರಿಗೆ ಮಾತ್ರ ಇದು ಬೆರಗು. ಒಂದು ವಿದ್ಯೆ ಒಬ್ಬನ ಮುಷ್ಟಿಯಲ್ಲಿದ್ದು, ಅವನ ಮನೆಯ ಬಾಗಿಲನ್ನು ಬಿಟ್ಟು ಕಲಿಯಲು ಬೇರೆ ದಾರಿಯೇ ಇಲ್ಲದಿದ್ದಾಗ ಕಲಿಯುವ ಹೆಣ್ಣಿಗೆ ಏನಾಗುತ್ತದೆ ಎಂಬ ಪ್ರಶ್ನೆಯಿಂದ ‘ಮಂದ್ರ’ವನ್ನು ಓದಿ ನೋಡಿ. ಲೇಖಕರ ಒಲವು ಎತ್ತ ಇದ್ದರೂ, ಪುಸ್ತಕ ಬೇರೆಯೇ ಆಗಿ ಕಾಣುತ್ತದೆ. ಅಲ್ಲಿ ಸಂಗೀತ ಒಂದು ಅಧಿಕಾರ. ಬೀಗದ ಕೈ ಯಾರ ಸೊಂಟದಲ್ಲಿದೆ ಎನ್ನುವುದೇ ಅದರ ಕಥೆ.

‘ಸಂಗೀತವೆಂದರೆ ಭಾವನೆ’ ಎಂಬ ಸಿದ್ಧಾಂತವನ್ನು ವಿಶ್ವಸಾಹಿತ್ಯದಲ್ಲಿ ಬಹಳ ಜೋರಾಗಿ ಮಂಡಿಸಿದ ಪಾತ್ರವೊಂದಿದೆ. ಹೆಸರು ಪೊಜ್ದ್ನಿಶೆವ್. ಟಾಲ್‌ಸ್ಟಾಯ್ 1889ರಲ್ಲಿ ಮುಗಿಸಿದ, ರಷ್ಯಾದ ಸೆನ್ಸಾರ್ ತಡೆಹಿಡಿದ ‘ಕ್ರೂಟ್ಸರ್ ಸೊನಾಟಾ’ದ ನಾಯಕ. ರೈಲಿನಲ್ಲಿ ಕೂತು ಸಹಪ್ರಯಾಣಿಕನಿಗೆ ತನ್ನ ಕಥೆ ಹೇಳುತ್ತಾನೆ. ಅವನ ಹೆಂಡತಿ ಪಿಯಾನೊ ನುಡಿಸುತ್ತಾಳೆ, ಒಬ್ಬ ಪಿಟೀಲುಗಾರ ಜೊತೆಗೂಡುತ್ತಾನೆ, ಇಬ್ಬರೂ ಬೀಥೋವನ್‌ನ ಆ ಸೊನಾಟಾವನ್ನು ನುಡಿಸುತ್ತಾರೆ. ಸಂಗೀತ ಮನುಷ್ಯನನ್ನು ಅವನದಲ್ಲದ ಭಾವಾವಸ್ಥೆಗೆ ಎಳೆದೊಯ್ಯುತ್ತದೆ, ಅದೊಂದು ಭಯಂಕರ ಶಕ್ತಿ ಎಂದು ಅವನು ಉದ್ದಕ್ಕೆ ಭಾಷಣ ಮಾಡುತ್ತಾನೆ. ಅವನು ಹೆಂಡತಿಯನ್ನು ಕೊಂದವನು. ಸಂಗೀತದ ಮೇಲೆ ಹೊರೆ ಹಾಕಿದಷ್ಟೂ ಅವನ ಕೈಯ ರಕ್ತ ತೆಳ್ಳಗಾಗುತ್ತದೆ. ಆ ಸೊನಾಟಾ ಅವಳ ಕಾಮದ ಸಂಕೇತ ಎಂದು ಓದುವ ವಿದ್ಯಾರ್ಥಿ ಕೊಲೆಗಾರನ ಹೇಳಿಕೆಯನ್ನೇ ತೀರ್ಪೆಂದು ನಕಲು ಮಾಡುತ್ತಿದ್ದಾನೆ. ಅವಳು ಚೆನ್ನಾಗಿ ಪಿಯಾನೊ ನುಡಿಸುತ್ತಿದ್ದಳು, ಜೊತೆಗೆ ನುಡಿಸಲು ಒಬ್ಬ ಸಮರ್ಥ ಸಿಕ್ಕಿದ್ದ, ಮಕ್ಕಳನ್ನು ಹೆತ್ತು ಹೆತ್ತು ಸೋತ ಮೇಲೆ ಅವಳಿಗೆ ಮತ್ತೆ ಒಂದು ಕೆಲಸದಲ್ಲಿ ಆಸಕ್ತಿ ಮೂಡಿತ್ತು. ಇಷ್ಟೇ ಆಗಿರಬಹುದು ಎಂಬ ಸಾಧ್ಯತೆ ಗಂಡನಿಗೆ ಹೊಳೆಯುವುದಿಲ್ಲ. ಟಾಲ್‌ಸ್ಟಾಯ್ ಅವರ ಹೆಂಡತಿ ಸೋಫಿಯಾ ಈ ಕಥೆಗೆ ಉತ್ತರವಾಗಿ ಹೆಂಡತಿಯ ಕಡೆಯಿಂದ ಒಂದು ಕಾದಂಬರಿಕೆ ಬರೆದಿದ್ದರು. ಅವರು ಬದುಕಿರುವವರೆಗೂ ಅದು ಅಚ್ಚಾಗಲಿಲ್ಲ.

ಈಗ ಆಕ್ಷೇಪಣೆಗಳಿಗೆ ಬರುತ್ತೇನೆ. ಮೊದಲನೆಯದು, ‘ನಮ್ಮ ರಸಸಿದ್ಧಾಂತವೇ ಭಾವವನ್ನು ಕಲೆಯ ಮೂಲವೆಂದು ಹೇಳುತ್ತದಲ್ಲ?’ ಹೇಳುತ್ತದೆ. ಆದರೆ ಭರತನನ್ನು ಪರೀಕ್ಷೆಯ ಗೈಡಿನಲ್ಲಿ ಓದಿದವರಷ್ಟೇ ರಸವನ್ನೂ ಪಾತ್ರದ ಸ್ವಂತ ಭಾವನೆಯನ್ನೂ ಒಂದೆಂದು ಭಾವಿಸುತ್ತಾರೆ. ವಿಭಾವ, ಅನುಭಾವ, ಸಂಚಾರಿಗಳು ಕೂಡಿದಾಗ ರಸ ಹುಟ್ಟುತ್ತದೆ. ವಿಭಾವ ಎಂದರೆ ಕಾರಣ, ಸನ್ನಿವೇಶ. ಅದಿಲ್ಲದೆ ರಸವಿಲ್ಲ. ಚೋಮನ ವಿಭಾವ ಗೇಣಿ ಸಿಗದ ಗದ್ದೆ. ಗದ್ದೆಯನ್ನು ಬಿಟ್ಟು ಕರುಣರಸವನ್ನು ಮಾತ್ರ ಹೀರಿಕೊಳ್ಳುವವರಿಗೆ ಭರತನ ಆಸರೆಯೂ ಸಿಗುವುದಿಲ್ಲ.

ಎರಡನೆಯದು, ‘ಪಾಶ್ಚಾತ್ಯ ಚಿಂತಕರೂ ಸಂಗೀತವನ್ನು ಭಾವನೆಯ ಸಂಕೇತ ಎಂದಿದ್ದಾರಲ್ಲ?’ ಹೆಚ್ಚಾಗಿ ಇಲ್ಲಿ ತೋರಿಸುವ ಹೆಸರು ಸುಸಾನ್ ಲ್ಯಾಂಗರ್. 1942ರ ತಮ್ಮ ಪುಸ್ತಕದಲ್ಲಿ ಲ್ಯಾಂಗರ್ ‘ಸಂಕೇತ’ ಎಂಬ ಪದವನ್ನು ಬಳಸಿದ್ದು ನಿಜ. ಆದರೆ ಅವರ ವಾದವೇ ಸಂಗೀತ ಹಾಡುವವನ ಮನಸ್ಸಿನ ಲಕ್ಷಣವಲ್ಲ, ಜ್ವರಕ್ಕೆ ಮೈ ಬಿಸಿಯಾದ ಹಾಗಲ್ಲ ಎಂಬುದು. ಅವರ ಪ್ರಕಾರ ಸಂಗೀತ ಭಾವಜೀವನದ ಆಕಾರವನ್ನು, ಅದರ ಏರಿಳಿತಗಳನ್ನು ಮುಂದಿಡುತ್ತದೆ, ಇಂಥದೇ ಭಾವ ಎಂದು ಹೆಸರಿಸುವುದಿಲ್ಲ. ‘ದುಡಿ = ನೋವು’ ಎಂಬ ಸಮೀಕರಣ ಅವರಿಗೂ ಒಪ್ಪಿಗೆಯಾಗುತ್ತಿರಲಿಲ್ಲ. ಅವರಿಗೂ ಮುಂಚೆ, 1854ರಲ್ಲಿಯೇ, ವಿಯೆನ್ನಾದ ವಿಮರ್ಶಕ ಎಡ್ವರ್ಡ್ ಹಾನ್‌ಸ್ಲಿಕ್ ನಿರ್ದಿಷ್ಟ ಭಾವನೆಗಳನ್ನು ನಿರೂಪಿಸುವುದು ಸಂಗೀತದ ಕೆಲಸವೇ ಅಲ್ಲ ಎಂದು ಜಗಳ ತೆಗೆದಿದ್ದ. ನಾನು ಹಾನ್‌ಸ್ಲಿಕ್‌ನ ಪಕ್ಷದವಳಲ್ಲ, ಅವನ ಶುದ್ಧ ನಾದದ ಲೋಕದಲ್ಲಿ ಚೋಮನಿಗೆ ಜಾಗವಿಲ್ಲ. ಆದರೆ ನಾವು ಗಾದೆಯ ಹಾಗೆ ಹೇಳುವ ಮಾತು ನೂರೆಪ್ಪತ್ತು ವರ್ಷಗಳಿಂದ ವಿವಾದದಲ್ಲಿದೆ ಎಂಬುದಾದರೂ ವಿದ್ಯಾರ್ಥಿಗಳಿಗೆ ತಿಳಿದಿರಬೇಡವೇ?

ಮೂರನೆಯದು ನಿಜಕ್ಕೂ ಗಟ್ಟಿಯಾದ ಆಕ್ಷೇಪಣೆ. ‘ನೀನು ಎಲ್ಲವನ್ನೂ ಜಾತಿ, ದುಡ್ಡು, ಅಧಿಕಾರಕ್ಕೆ ಇಳಿಸಿದರೆ ಓದುವಾಗ ಗಂಟಲು ಕಟ್ಟುವುದು ಯಾಕೆ? ಅದು ಸುಳ್ಳೇ?’ ಸುಳ್ಳಲ್ಲ. ‘ಚೋಮನ ದುಡಿ’ಯ ಕೊನೆಯ ಪುಟಗಳಲ್ಲಿ ನನಗೂ ಗಂಟಲು ಕಟ್ಟುತ್ತದೆ. ಆದರೆ ಅದು ಕಟ್ಟುವುದು ದುಡಿ ನೋವಿನ ಸಂಕೇತವಾದ್ದರಿಂದ ಅಲ್ಲ. ಆ ಸದ್ದು ಊರಿನವರಿಗೆ ಇಷ್ಟು ವರ್ಷ ಕೇಳುತ್ತಲೇ ಇತ್ತು, ಒಬ್ಬರೂ ಅದನ್ನು ಮಾತು ಎಂದು ತಿಳಿಯಲಿಲ್ಲ ಎಂಬುದು ಅರಿವಾಗುತ್ತದಲ್ಲ, ಅದರಿಂದ. ಆ ಸಂಕಟದಲ್ಲಿ ನಾಚಿಕೆಯೂ ಬೆರೆತಿದೆ. ‘ಸಂಕೇತ’ ಎಂಬ ಪದ ಆ ನಾಚಿಕೆಯನ್ನು ಸೋಸಿ ತೆಗೆದು ಸಂಕಟವನ್ನಷ್ಟೇ ನಮಗೆ ಉಣಬಡಿಸುತ್ತದೆ.

ಕೇಳುವುದನ್ನು ಕಲಿಯಬೇಕಾಗುತ್ತದೆ ಎಂಬುದನ್ನು ಜೇಮ್ಸ್ ಬಾಲ್ಡ್‌ವಿನ್ 1957ರ ‘ಸನ್ನೀಸ್ ಬ್ಲೂಸ್’ ಕಥೆಯಲ್ಲಿ ತೋರಿಸಿದ್ದಾನೆ. ಹಾರ್ಲೆಮ್‌ನ ಕಪ್ಪು ಮೇಷ್ಟರೊಬ್ಬನಿಗೆ ಹೆರಾಯಿನ್ ಕೇಸಿನಲ್ಲಿ ಸಿಕ್ಕಿಬಿದ್ದ ಪಿಯಾನೊ ವಾದಕ ತಮ್ಮನಿದ್ದಾನೆ. ತಮ್ಮ ಆರಾಧಿಸುವ ಚಾರ್ಲಿ ಪಾರ್ಕರ್ ಯಾರೆಂದು ಅಣ್ಣನಿಗೆ ಗೊತ್ತೇ ಇಲ್ಲ. ಕಥೆಯ ಉದ್ದಕ್ಕೂ ಅವನು ತಮ್ಮನನ್ನು ಕೇಳಿಸಿಕೊಳ್ಳಲು ಸೋಲುತ್ತಲೇ ಇರುತ್ತಾನೆ. ಕೊನೆಗೆ ಕ್ಲಬ್ಬೊಂದರ ಕತ್ತಲೆಯಲ್ಲಿ ಕೂತು, ತಮ್ಮ ತಡವರಿಸುವುದನ್ನು, ಜೊತೆಗಾರರು ಅವನನ್ನು ದಡದಿಂದ ಆಳಕ್ಕೆ ಕರೆಯುವುದನ್ನು ನೋಡುತ್ತ ನೋಡುತ್ತ ಕಿವಿ ತೆರೆಯುತ್ತಾನೆ. ಅಲ್ಲಿ ಭಾವನೆ ತುಂಬಿ ತುಳುಕುತ್ತದೆ. ಆದರೆ ಅದು ಬಿಟ್ಟಿಯಾಗಿ ಸಿಕ್ಕಿದ್ದಲ್ಲ, ಅಣ್ಣ ಬೆಲೆ ತೆತ್ತು ಪಡೆದದ್ದು. ನಮ್ಮ ಪಠ್ಯಗಳ ಓದಿನಲ್ಲಿ ನಾವು ತೆರುವ ಬೆಲೆ ಏನು?

ಸಾಹಿತ್ಯದ ಆಚೆಗೆ ಈ ಕೇಳುವಿಕೆ ಬದಲಾಗಿದೆ. ಸಾವಿನ ಮನೆಯ ಮುಂದೆ, ಜಾತ್ರೆಯಲ್ಲಿ, ಊರ ಸಾರುವುದಕ್ಕೆ ಬಿಟ್ಟಿ ಚಾಕರಿಯಾಗಿ ಬಾರಿಸಬೇಕಾಗಿದ್ದ ತಮಟೆಯನ್ನು ದಲಿತ ಸಂಘರ್ಷ ಸಮಿತಿಯ ಜಾಥಾಗಳು ಹೋರಾಟದ ವಾದ್ಯವನ್ನಾಗಿ ಎತ್ತಿ ಹಿಡಿದವು. ಎಷ್ಟೋ ಊರುಗಳಲ್ಲಿ ಬಾರಿಸುವುದಿಲ್ಲ ಎಂದು ಹೇಳುವುದೇ ಹೋರಾಟವಾಯಿತು. 2023ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ತಮಟೆ ಕಲಾವಿದ ಮುನಿವೆಂಕಟಪ್ಪ ಅವರಿಗೆ ಪದ್ಮಶ್ರೀ ಬಂತು. ಬಾರಿಸುವುದು, ಬಾರಿಸಲು ಒಲ್ಲೆ ಎನ್ನುವುದು, ಬಾರಿಸಿ ಕಲಾವಿದ ಎನಿಸಿಕೊಳ್ಳುವುದು, ಒಂದೇ ವಾದ್ಯದ ಈ ಮೂರು ಚರಿತ್ರೆಗಳನ್ನು ‘ಆಕ್ರೋಶದ ಸಂಕೇತ’ ಎಂಬ ಎರಡು ಪದಗಳಲ್ಲಿ ತುಂಬಲು ಸಾಧ್ಯವೇ?

ಆದ್ದರಿಂದ ಕನ್ನಡ ಓದುತ್ತಿರುವ ನನ್ನ ಕಿರಿಯ ಗೆಳೆಯ ಗೆಳತಿಯರಲ್ಲಿ ಒಂದು ಬೇಡಿಕೆ. ಕಥೆಯಲ್ಲಿ ಹಾಡೋ ವಾದ್ಯವೋ ಬಂದಾಗ ಅದು ಯಾವ ಭಾವನೆ ಎಂದು ಕೇಳುವುದನ್ನು ಸ್ವಲ್ಪ ಹೊತ್ತು ತಡೆಹಿಡಿಯಿರಿ. ಈ ವಾದ್ಯ ಯಾರದು, ಇದನ್ನು ಕಲಿಸಿದವರು ಯಾರು, ಇದನ್ನು ನುಡಿಸಲು ಯಾರ ಅಪ್ಪಣೆ ಬೇಕು, ಯಾರು ಕೇಳುತ್ತಿದ್ದಾರೆ, ಕೇಳಿಯೂ ಕೇಳದ ಹಾಗೆ ಇರುವವರು ಯಾರು ಎಂದು ಮೊದಲು ವಿಚಾರಿಸಿ. ಭಾವನೆ ಎಲ್ಲಿಗೂ ಓಡಿಹೋಗುವುದಿಲ್ಲ, ಈ ಪ್ರಶ್ನೆಗಳ ಹಿಂದೆಯೇ ಬರುತ್ತದೆ. ಬರುವ ಪರೀಕ್ಷೆಯಲ್ಲೂ ‘ಚೋಮನ ದುಡಿಯ ಸಾಂಕೇತಿಕತೆಯನ್ನು ವಿವರಿಸಿ’ ಎಂಬ ಪ್ರಶ್ನೆ ಬಂದೇ ಬರುತ್ತದೆ. ಉತ್ತರದ ಮೊದಲ ಪುಟವನ್ನು ಗೇಣಿಗೆ ಸಿಗದ ಆ ಗದ್ದೆಯ ಬಗ್ಗೆ ಬರೆಯಿರಿ. ಎರಡು ಅಂಕ ಕಡಿಮೆ ಬಂದರೆ ಬರಲಿ.